ಬಿಳಿಗೋಡೆಯ ಕೆಮ್ಮಣ್ಣಿನ ಅಂಚು

ಮುಚ್ಚಿದ ಟಾಕೀಸು ಮತ್ತೆ ತೆರೆಯುವುದಿಲ್ಲ ಎಂದು ಒಂದು ಕಾಲಕ್ಕೆ ದಾವಣಗೆರೆಯಲ್ಲಿ ಎಲ್ಲರೂ ನಂಬಿದ್ದರು. ನಂಬಲು ಕಾರಣಗಳೂ ಇದ್ದವು. ಒಂದು ಟಾಕೀಸು ಕಲ್ಯಾಣ ಮಂಟಪವಾಗಿತ್ತು, ಒಂದು ಮೆಕ್ಕೆಜೋಳದ ಗೋದಾಮಾಗಿತ್ತು, ಇನ್ನೊಂದರ ಬಾಲ್ಕನಿಯಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ನಡೆಯುತ್ತಿತ್ತು. ಹೀಗೆ ಬೇರೆಯಾದ ಯಾವ ಕಟ್ಟಡವೂ ತಿರುಗಿ ಟಾಕೀಸಾದ ಉದಾಹರಣೆ ಇರಲಿಲ್ಲ.

ಹಳೆಯ ನೂಲಿನ ಗಿರಣಿಯ ಹಿಂದಿನ ರಸ್ತೆಗೆ ಹೋಗಬೇಕಾದರೆ ಇಂದು ಆಟೊದವರಿಗೆ 'ಬಿಳಿಗೋಡೆ' ಎಂದರೆ ಸಾಕು. ರಸ್ತೆಯ ಅಂಚಿಗೆ ಹತ್ತು ಹನ್ನೆರಡು ಅಂಗಡಿಗಳ ಸಾಲಿದೆ. ಟೈರಿನ ಅಂಗಡಿಗೂ ಮಂಡಕ್ಕಿ ಅಂಗಡಿಗೂ ನಡುವೆ ಒಂದು ಲಾರಿ ಹೋಗುವಷ್ಟು ದಾರಿ ಬಿಟ್ಟಿದ್ದಾರೆ. ಅದರಲ್ಲಿ ಒಳಗೆ ಹೋದರೆ ವಿಶಾಲವಾದ ಬಯಲು, ಬಯಲಿನ ಕೊನೆಗೆ ಗೋಡೆ. ನಲವತ್ತು ಅಡಿ ಅಗಲ, ಇಪ್ಪತ್ತೆರಡು ಅಡಿ ಎತ್ತರ. ಅದಕ್ಕೆ ಬಾಗಿಲಿಲ್ಲ, ಕಿಟಕಿಯಿಲ್ಲ, ಮೇಲೆ ಸೂರಿಲ್ಲ, ಪಕ್ಕಕ್ಕೆ ಆತುಕೊಂಡ ಇನ್ನೊಂದು ಗೋಡೆಯಿಲ್ಲ. ಮೈಯೆಲ್ಲ ಸುಣ್ಣದ ಬಿಳುಪು, ನಾಲ್ಕೂ ಅಂಚಿಗೆ ಗೇಣಗಲದ ಕೆಮ್ಮಣ್ಣಿನ ಪಟ್ಟಿ. ಮೊದಲ ಸಲ ಬಂದವರು ಸಾಮಾನ್ಯವಾಗಿ ಚಪ್ಪಲಿ ಬಿಡುತ್ತಾರೆ. ಯಾಕೆ ಬಿಟ್ಟಿರಿ ಎಂದು ಕೇಳಿದರೆ, ಎಲ್ಲರೂ ಬಿಟ್ಟಿದ್ದಾರಲ್ಲ ಎನ್ನುತ್ತಾರೆ.

ಈ ಗೋಡೆಯ ಬಗ್ಗೆ ಮೂರು ಕಥೆಗಳಿವೆ. ಪಾಳೆಯಗಾರರೊಬ್ಬರು ಒಂದೇ ರಾತ್ರಿಯಲ್ಲಿ ಕಟ್ಟಿಸಿದ ಕೋಟೆ ಇದು, ಬೆಳಗಾದದ್ದರಿಂದ ಒಂದು ಗೋಡೆಗೇ ನಿಂತಿತು ಎನ್ನುತ್ತಾರೆ. ಶರಣರೊಬ್ಬರು ಬೆನ್ನು ಒರಗಿಸಿ ಕುಳಿತದ್ದರಿಂದ ಕಪ್ಪು ಗೋಡೆ ಬೆಳ್ಳಗಾಯಿತು ಎನ್ನುತ್ತಾರೆ. ಗೋಡೆಯೊಳಗೆ ಅಮ್ಮನವರು ನೆಲೆಸಿದ್ದಾರೆ, ಅದಕ್ಕೇ ಬಾಗಿಲಿಟ್ಟಿಲ್ಲ ಎಂಬುದು ಮೂರನೆಯದು. ಪಾಳೆಯಗಾರರ ಗೋಡೆಗೆ ಸಿಮೆಂಟು ಎಲ್ಲಿಂದ ಬಂತು ಎಂದು ಮೊದಲನೆಯ ಕಥೆ ಹೇಳುವವರು ಯೋಚಿಸಿದಂತಿಲ್ಲ. ಉಳಿದೆರಡಕ್ಕೆ ಇಂತಹ ತೊಡಕುಗಳು ತಟ್ಟುವುದಿಲ್ಲ. ಇನ್ನೂ ಬದುಕಿರುವ ನಾಲ್ಕಾರು ಜನ ನಾಲ್ಕನೆಯ ಕಥೆಯೊಂದನ್ನು ಹೇಳುತ್ತಾರೆ. ಅದರಲ್ಲಿ ಪವಾಡ ಕಡಿಮೆಯಾದ್ದರಿಂದ ಕೇಳುವವರೂ ಕಡಿಮೆ.

ಹಿಂದೆ ಒಮ್ಮೆ, ಎಂದರೆ ಸುಮಾರು ಐವತ್ತೈದು ವರ್ಷಗಳ ಹಿಂದೆ, ಇಲ್ಲಿ ಚಂದ್ರಕಾಂತ ಟಾಕೀಸ್ ಇತ್ತು. ಹತ್ತಿ ವ್ಯಾಪಾರದ ರೇವಣಪ್ಪ ಸಾಹುಕಾರರು ಕಟ್ಟಿಸಿದ್ದು. ತಗಡಿನ ಸೂರು, ಮುಂದೆ ನೆಲ, ನಡುವೆ ಬೆಂಚು, ಹಿಂದೆ ಕುರ್ಚಿ. ಸಾಹುಕಾರರು ಬಟ್ಟೆಯ ಪರದೆ ತರಿಸಲಿಲ್ಲ. ಪಡುವಣ ಗೋಡೆಗೆ ನುಣ್ಣಗೆ ಗಾರೆ ಮಾಡಿಸಿ, ಸುಣ್ಣ ಹೊಡೆಸಿ, ಅದರ ಮೇಲೆಯೇ ಚಿತ್ರ ಬಿಟ್ಟರು. ಆಗ ಜನ ಅದನ್ನು ಜಿಪುಣತನ ಎಂದರು, ಈಗ ದೂರದೃಷ್ಟಿ ಎನ್ನುತ್ತಾರೆ. ಬೀಡಿಯ ಹೊಗೆಗೆ ಗೋಡೆ ವರ್ಷದೊಳಗೆ ಕಂದುತ್ತಿತ್ತು. ಹಾಗಾಗಿ ಪ್ರತಿ ಯುಗಾದಿಯ ಮುಂಚೆ ಮೂರು ದಿನ ಆಟ ನಿಲ್ಲಿಸಿ ಸುಣ್ಣ ಹೊಡೆಸುವುದು ರೂಢಿಯಾಯಿತು. ಈ ಕೆಲಸ ಸುಣ್ಣದ ಕೂಲಿಯ ತಿಪ್ಪಮ್ಮನವರದು. ಮೊದಲ ಸಲ ಬಂದಾಗ ಅವರಿಗೆ ಇಪ್ಪತ್ತು ವರ್ಷ. ಸುಣ್ಣದ ಕಲ್ಲನ್ನು ಡ್ರಮ್ಮಿನಲ್ಲಿ ಅರಳಿಸಿ, ಸೀರೆಯ ತುಂಡಿನಲ್ಲಿ ಎರಡು ಸಲ ಸೋಸಿ, ಅಂಟು ಮತ್ತು ಚಿಟಿಕೆ ನೀಲಿ ಬೆರೆಸಿ, ಮೂರು ಸುತ್ತು ಹೊಡೆಯುತ್ತಿದ್ದರು. ಕೊನೆಗೆ ಪಕ್ಕದ ಗಿರಣಿಯ ಬಾಯ್ಲರಿನಿಂದ ಬುಟ್ಟಿಯಲ್ಲಿ ಮಸಿ ತಂದು ಸುತ್ತಲೂ ಗೇಣಗಲದ ಕಪ್ಪು ಅಂಚು ಎಳೆಯುತ್ತಿದ್ದರು. ಕಪ್ಪು ಅಂಚಿಲ್ಲದಿದ್ದರೆ ಚಿತ್ರ ಗೋಡೆಯಿಂದ ಹೊರಕ್ಕೆ ಚೆಲ್ಲಿದಂತೆ ಕಾಣುತ್ತದೆ.

ಕೆಲಸದ ಪರೀಕ್ಷೆ ಆಪರೇಟರ್ ಪ್ಯಾರೂಸಾಬರದು. ಅವರು ಕ್ಯಾಬಿನ್ನಿನಲ್ಲಿ ರೀಲು ಹಾಕದೆ ಯಂತ್ರ ಹಚ್ಚಿ, ಬರಿಯ ಬೆಳಕನ್ನು ಗೋಡೆಗೆ ಬಿಟ್ಟು, ಕಿಂಡಿಯಿಂದ ಇಣುಕುತ್ತಿದ್ದರು.

"ತಿಪ್ಪಕ್ಕ, ಎಡಗಡೆ ಮೇಲಿನ ಮೂಲೆ ಮಂಕೈತೆ. ಆ ಮೂಲೆಗೆ ಬಂದ ಹೀರೋಯಿನ್ನಿಗೆ ಕಾಮಾಲೆ ಆದಂಗೆ ಕಾಣ್ತದೆ."

"ಹಂಗಾದ್ರೆ ಅವಳಿಗೆ ಬಲಗಡೆ ನಿಂತ್ಕೊಳ್ಳಾಕೆ ಹೇಳ್ರಿ ಸಾಬ್ರೆ," ಎನ್ನುತ್ತ ತಿಪ್ಪಮ್ಮ ಮತ್ತೆ ಏಣಿ ಹತ್ತುತ್ತಿದ್ದರು.

ಮೊದಲ ವರ್ಷವೇ ಅವರು ಕೂಲಿಯ ಜೊತೆಗೆ ಇನ್ನೊಂದನ್ನು ಕೇಳಿದರು. ಪ್ರತಿ ಶುಕ್ರವಾರದ ಮೊದಲ ಆಟಕ್ಕೆ ತಮ್ಮನ್ನು ಟಿಕೆಟ್ ಕೇಳದೆ ನೆಲಕ್ಕೆ ಬಿಡಬೇಕು. ನಾಲ್ಕು ಜನರ ಎದುರು ಕುಳಿತಿದ್ದ ಸಾಹುಕಾರರು ಹುಮ್ಮಸ್ಸಿನಲ್ಲಿದ್ದರು. "ಗೋಡೆ ಬೆಳ್ಳಗಿರೋ ತನಕ ನಿನಗೆ ಆಟ ಐತೆ, ಹೋಗು" ಎಂದುಬಿಟ್ಟರು. ದೊಡ್ಡವರು ದಿನಕ್ಕೆ ಹತ್ತು ಸಲ ಆಡುವಂತಹ ಮಾತು ಅದು. ಆದರೆ ತಿಪ್ಪಮ್ಮ ಅದನ್ನು ಶಬ್ದಶಃ ತೆಗೆದುಕೊಂಡರು. ಮುಂದಿನ ಇಪ್ಪತ್ತೇಳು ವರ್ಷ ಶುಕ್ರವಾರದ ಮೊದಲ ಆಟಕ್ಕೆ ಅವರು ಗೋಡೆಗೆ ಆರು ಮಾರು ದೂರದಲ್ಲಿ, ಕಂಬದ ಬಲಕ್ಕೆ ಕೂರುತ್ತಿದ್ದರು. ಚಿತ್ರ ಚೆನ್ನಾಗಿತ್ತೇ ಎಂದು ಕೇಳಿದವರಿಗೆ, ಚೆನ್ನಾಗಿ ಕಾಣ್ತು ಎನ್ನುತ್ತಿದ್ದರಂತೆ.

ಮೊದಲು ಗಿರಣಿ ನಿಂತಿತು. ಪಾಳಿ ಬಿಟ್ಟು ಬರುತ್ತಿದ್ದ ಜನ ಇಲ್ಲದೆ ನೆಲದ ಕ್ಲಾಸು ಖಾಲಿಯಾಯಿತು. ಕುರ್ಚಿಯವರು ಅದಕ್ಕೂ ಮುಂಚೆಯೇ ಟಿವಿಯ ಮುಂದೆ ಕುಳಿತಿದ್ದರು. ಸಾಹುಕಾರರು ತೀರಿಕೊಂಡ ವರ್ಷ ಟಾಕೀಸು ಮುಚ್ಚಿತು. ಮಕ್ಕಳು ಜಾಗವನ್ನು ಲಾರಿ ಮಾಲೀಕ ಬಸವಲಿಂಗಪ್ಪನವರಿಗೆ ಮಾರಿದರು. ಯಂತ್ರ ಗುಜರಿಗೆ ಹೋಯಿತು. ಪ್ಯಾರೂಸಾಬರು ಎದುರಿಗೆ ಸೈಕಲ್ ರಿಪೇರಿ ಅಂಗಡಿ ಹಾಕಿದರು. ಯುಗಾದಿ ಹತ್ತಿರ ಬಂದಾಗ ತಿಪ್ಪಮ್ಮ ಡ್ರಮ್ಮು, ಕುಂಚ, ಏಣಿಯೊಂದಿಗೆ ಬಂದು ನಿಂತರು. ಬೀಗ ಹಾಕುವವರೂ ಇಲ್ಲದೆ ಬಾಗಿಲು ತೆರೆದೇ ಇತ್ತು.

"ಟಾಕೀಸು ಮುಚ್ಚೈತೆ ತಿಪ್ಪಕ್ಕ. ಊರಿಗೆಲ್ಲ ಗೊತ್ತು, ನಿನಗೆ ಗೊತ್ತಿಲ್ವ?" ಎಂದರು ಪ್ಯಾರೂಸಾಬರು.

"ಗೊತ್ತೈತೆ. ಆಟ ಹಾಕೋದು ಅವರ ಪಾಲಿನ ಕೆಲಸ, ಬೆಳ್ಳಗಿಡೋದು ನನ್ನ ಪಾಲಿಂದು. ನಾನೇ ಮೊದಲು ಬಿಟ್ರೆ ಅವರಿಗೆ ಅದೇ ನೆಪ ಆಗ್ತದೆ."

"ಅವರು ಯಾರು? ಸಾವ್ಕಾರ್ರು ಮಣ್ಣಾಗಿ ಆರು ತಿಂಗಳಾತು."

"ಗೋಡೆ ಆಗಿಲ್ಲವಲ್ಲ," ಎಂದು ಅವರು ಸೆರಗು ಸಿಕ್ಕಿಸಿ ಒಳಗೆ ಹೋದರು.

ಕಾನೂನು ಓದಿದವರು ಇದನ್ನು ಕೇಳಿ ನಗುತ್ತಾರೆ. ಮಾತು ಕೊಟ್ಟವರು ಇಲ್ಲ, ಬರಹವಿಲ್ಲ, ಆಸ್ತಿ ಕೈ ಬದಲಾಗಿದೆ. ತಿಪ್ಪಮ್ಮ ಕಾನೂನು ಓದಿರಲಿಲ್ಲ. ಅವರಿಗೆ ಈ ಜಗತ್ತಿನಲ್ಲಿ ತಮ್ಮದು ಎಂದು ಇದ್ದದ್ದು ವಾರಕ್ಕೊಂದು ಆಟ. ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಎಂದಿನಂತೆ ಮೊದಲ ಕುಂಚ ಅದ್ದುವ ಮುಂಚೆ ಡ್ರಮ್ಮಿಗೆ ಕುಂಕುಮವಿಟ್ಟು, ಗೋಡೆಯ ಬುಡದಲ್ಲಿ ಕಾಯಿ ಒಡೆದು, ಮೂರು ಸುತ್ತು ಸುಣ್ಣ ಹೊಡೆದರು. ಅಂಚಿಗೆ ಬಂದಾಗ ತೊಂದರೆಯಾಯಿತು. ಬಾಯ್ಲರು ತಣ್ಣಗಾಗಿ ವರ್ಷ ಕಳೆದಿತ್ತು, ಮಸಿ ಸಿಗಲಿಲ್ಲ. ಬಾಡಾ ರಸ್ತೆಯ ಕಡೆಯಿಂದ ಒಂದು ಬುಟ್ಟಿ ಕೆಮ್ಮಣ್ಣು ತಂದು ಕಲಸಿ, ಕಪ್ಪಿನ ಬದಲು ಕೆಂಪು ಪಟ್ಟಿ ಎಳೆದರು. ಈ ಒಂದು ಬುಟ್ಟಿ ಮಣ್ಣಿನಿಂದ ಮುಂದಿನದೆಲ್ಲ ನಡೆಯಿತು.

ಹತ್ತು ದಿನದ ನಂತರ ಕಟ್ಟಡ ಕೆಡವಲು ಬಸವಲಿಂಗಪ್ಪನವರು ಕೊಪ್ಪಳದ ಕಡೆಯಿಂದ ಜನ ತರಿಸಿದರು. ಫಕ್ಕೀರಪ್ಪ ಎಂಬ ಮೇಸ್ತ್ರಿ, ಅವನ ಕೈಕೆಳಗೆ ಹದಿನೆಂಟು ಆಳು. ಈ ಊರು ಅವರಿಗೆ ಹೊಸದು. ತಗಡು ಇಳಿಸಿದರು, ಕ್ಯಾಬಿನ್ನು ಒಡೆದರು, ಮೂರು ಗೋಡೆ ಕೆಡವಿದರು. ನಾಲ್ಕನೆಯದಕ್ಕೆ ಬಂದವರು ಹಾರೆ ಕೆಳಗಿಟ್ಟರು. ಸುತ್ತಲೆಲ್ಲ ಧೂಳು ಹಿಡಿದ ಹಾಳು ಕಟ್ಟಡ, ಅದರಲ್ಲಿ ಒಂದು ಗೋಡೆ ಮಾತ್ರ ನಿನ್ನೆ ಬಳಿದಂತೆ ಬೆಳ್ಳಗೆ. ಅದಕ್ಕೆ ಕೆಮ್ಮಣ್ಣಿನ ಪಟ್ಟಿ. ಬುಡದಲ್ಲಿ ಒಡೆದ ಕಾಯಿ, ಕುಂಕುಮ. ಬಯಲುಸೀಮೆಯಲ್ಲಿ ಹುಟ್ಟಿದವನಿಗೆ ಇದು ದೇವರ ಜಾಗದ ಗುರುತು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಸವಲಿಂಗಪ್ಪನವರು ಓಡಿ ಬಂದು ಇದು ಸಿನಿಮಾದ ಗೋಡೆ ಎಂದರು.

"ಸಿನಿಮಾದ ಗ್ವಾಡಿಗೆ ಯಾರ್ರೀ ಕೆಮ್ಮಣ್ ಪಟ್ಟಿ ಎಳೀತಾರ?" ಎಂದ ಫಕ್ಕೀರಪ್ಪ. "ನಮಗೂ ಮಕ್ಳು ಮರಿ ಅದಾವ್ರೀ ಧಣೇರ. ಮುಟ್ಟಂಗಿಲ್ಲ."

ಸಾಕ್ಷಿ ಹೇಳಲು ತಿಪ್ಪಮ್ಮನವರನ್ನು ಕರೆಸಿದರು. ಅವರು ಬೇರೊಂದು ಮನೆಯ ಸುಣ್ಣದ ಕೆಲಸದಿಂದ ಹಾಗೆಯೇ ಎದ್ದು ಬಂದರು. ತಲೆ, ಮುಖ, ಕೈ, ಸೀರೆ ಎಲ್ಲ ಬೆಳ್ಳಗೆ. ಭಕ್ತರು ಹೇಳುವ ಕಥೆಯಲ್ಲಿ ಬಿಳಿಯ ಅಮ್ಮನವರು ಪ್ರತ್ಯಕ್ಷರಾದದ್ದು ಇದೇ ಜಾಗದಲ್ಲಿ. ನಿಜಕ್ಕೂ ನಡೆದದ್ದು ಹೀಗೆ ಎಂದು ಪ್ಯಾರೂಸಾಬರು ಹೇಳುತ್ತಾರೆ. ದೇವರ ಗೋಡೆ ಎಂದು ತಿಪ್ಪಮ್ಮ ಒಂದು ಮಾತು ಹೇಳಿದ್ದರೆ ಸಾಕಿತ್ತು, ಗೋಡೆ ಉಳಿಯುತ್ತಿತ್ತು. ಅವರು ಹಾಗೆ ಹೇಳಲಿಲ್ಲ.

"ದೇವರೂ ಇಲ್ಲ, ದಿಂಡರೂ ಇಲ್ಲ. ಟಾಕೀಸಿನ ಗೋಡೆ. ಮಸಿ ಸಿಗಲಿಲ್ಲ, ಕೆಮ್ಮಣ್ಣು ಬಳಿದೆ. ಆದ್ರೆ ಕೆಡವಬ್ಯಾಡ್ರಪ್ಪ, ನನ್ನ ಆಟ ಐತೆ ಅದರ ಮ್ಯಾಲೆ."

ಹದಿನೆಂಟು ಜನ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. 'ನನ್ನ ಆಟ' ಎಂಬ ಕೊನೆಯ ಮಾತು ಅವರಿಗೆ ಬೇಕಾದದ್ದನ್ನೆಲ್ಲ ಹೇಳಿತು. ಫಕ್ಕೀರಪ್ಪ ಕೈ ಮುಗಿದು ಜನರನ್ನು ಕರೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದ. ಸತ್ಯ ಹೇಳಿಯೂ ಇಷ್ಟು ಲಾಭವಾದದ್ದು ಈ ಊರಿನ ಇತಿಹಾಸದಲ್ಲಿ ಇದೊಂದೇ ಸಲ ಇರಬೇಕು.

ಆಮೇಲೆ ಊರಿನ ಯಾವ ಮೇಸ್ತ್ರಿಯೂ ಆ ಕೆಲಸ ಹಿಡಿಯಲಿಲ್ಲ. ಟಾಕೀಸಿನಲ್ಲಿ ನೂರು ಸಿನಿಮಾ ನೋಡಿದವರೂ ಹಿಡಿಯಲಿಲ್ಲ. ಹೊರಗಿನವರಿಗೆ ಏನೋ ಕಂಡಿರಬೇಕು ಎಂಬುದು ಅವರ ತರ್ಕ. ಬಸವಲಿಂಗಪ್ಪನವರು ರಸ್ತೆಯ ಕಡೆ ಅಂಗಡಿ ಸಾಲು ಕಟ್ಟಿಸಿ, ಹಿಂದಿನ ಬಯಲನ್ನು ಲಾರಿ ನಿಲ್ಲಿಸಲು ಬಿಟ್ಟರು. 'ಬಿಳಿಗೋಡೆ ಹತ್ರ ಗಾಡಿ ಹಾಕು' ಎಂದು ಡ್ರೈವರುಗಳು ಒಬ್ಬರಿಗೊಬ್ಬರು ಹೇಳಿಕೊಂಡರು, ಕ್ಲೀನರುಗಳು ಹೇಳಿದರು, ಹೋಟೆಲಿನವರು ಹೇಳಿದರು. ಹೆಸರು ಬಂದದ್ದು ಹೀಗೆ. ಜನ ಬಂದು ಗೋಡೆಗೆ ಅರಿಶಿನ ಹಚ್ಚತೊಡಗಿದರು. ತಿಪ್ಪಮ್ಮ ಕಂಡಾಗಲೆಲ್ಲ ನೀರು ತಂದು ತೊಳೆದು, "ಪಿಕ್ಚರ್ ಹಳದಿ ಕಾಣ್ತದೆ, ಕೈ ಸುಮ್ನೆ ಇಟ್ಕೊಳ್ರೆ" ಎಂದು ಬೈಯುತ್ತಿದ್ದರು. ಬೈಗುಳವನ್ನೂ ಕೆಲವರು ಪ್ರಸಾದವೆಂದು ತಿಳಿದರು.

ಪ್ರತಿ ಯುಗಾದಿಗೆ ಸುಣ್ಣವಾಯಿತು. ಸುಣ್ಣವಾದ ಮರುದಿನ ತಿಪ್ಪಮ್ಮ ಲಾರಿ ಆಫೀಸಿಗೆ ಹೋಗಿ ನಿಲ್ಲುತ್ತಿದ್ದರು.

"ಗೋಡೆ ಬೆಳ್ಳಗೈತೆ ಸಾವ್ಕಾರ್ರೆ. ಆಟ ಯಾವಾಗ?"

"ಯವ್ವಾ, ಮುಚ್ಚಿದ ಟಾಕೀಸು ತೆರೆದದ್ದು ಎಲ್ಲಾದ್ರೂ ನೋಡಿದೀಯ?"

"ಇಲ್ಲ. ನೋಡಾನ ಅಂತಲೇ ಬಂದೆ."

ಬಸವಲಿಂಗಪ್ಪನವರು ಚಹಾ ತರಿಸುತ್ತಿದ್ದರು. ತಿಪ್ಪಮ್ಮ ಕುಡಿದು ಹೋಗುತ್ತಿದ್ದರು. ಇದು ಹದಿನೆಂಟು ವರ್ಷ ನಡೆಯಿತು. ಹತ್ತೊಂಬತ್ತನೆಯ ವರ್ಷ ತಿಪ್ಪಮ್ಮನವರ ಮೊಣಕಾಲು ಏಣಿ ಹತ್ತಲು ಒಪ್ಪಲಿಲ್ಲ. ಸೊಸೆ ಮೇಲೆ ಹತ್ತಿದಳು, ಅತ್ತೆ ಕೆಳಗೆ ನಿಂತು ತಪ್ಪು ಹೇಳಿದರು. ಆ ಸಲ ಆಫೀಸಿನಲ್ಲಿ ಚಹಾದ ಜೊತೆ ಬೇರೆ ಸುದ್ದಿಯೂ ಬಂತು. ಮೊಮ್ಮಗಳ ಮದುವೆ ಮುಗಿದ ಮೇಲೆ ಹಿಂದಿನ ಬಯಲಿನಲ್ಲೂ ಕಟ್ಟಡ ಎಬ್ಬಿಸುವುದಾಗಿ ಬಸವಲಿಂಗಪ್ಪನವರು ಹೇಳಿದರು. ಜೆಸಿಬಿಗೆ ಮಾತಾಗಿದೆ, ಸೋಮವಾರ ಬರುತ್ತದೆ. ಜೆಸಿಬಿ ಕೆಮ್ಮಣ್ಣಿಗೆ ಹೆದರುವುದಿಲ್ಲ ಎಂದೂ ಸೇರಿಸಿದರು.

"ಅಂದ್ರೆ ನನ್ನ ಆಟ ಹೋತು," ಎಂದರು ತಿಪ್ಪಮ್ಮ. ಆ ದಿನ ಚಹಾ ಕುಡಿಯಲಿಲ್ಲ.

ಮದುವೆ ಗುರುವಾರ ಆಯಿತು. ಭಾನುವಾರ ಸಂಜೆ ಬೀಗರ ಊಟ, ಬಯಲಿನಲ್ಲೇ, ಏಕೆಂದರೆ ಅಷ್ಟು ಜನಕ್ಕೆ ಬೇರೆಲ್ಲೂ ಜಾಗವಿರಲಿಲ್ಲ. ಕೇರಿಯವರನ್ನೆಲ್ಲ ಕರೆದಿದ್ದರು, ತಿಪ್ಪಮ್ಮನವರನ್ನೂ. ಮದುವೆಯ ವಿಡಿಯೊ ತೆಗೆದವಳು ಪ್ಯಾರೂಸಾಬರ ಮಗಳು ಶಮೀಮ್. ಅವಳ ಬಳಿ ಈಗಿನ ಕಾಲದ ಪ್ರೊಜೆಕ್ಟರ್ ಇತ್ತು. ಊಟವಾದವರು ಮದುವೆಯನ್ನು ಇನ್ನೊಮ್ಮೆ ನೋಡಲಿ ಎಂದು ಬಸವಲಿಂಗಪ್ಪನವರೇ ಹೇಳಿದ್ದರು. ಪರದೆ ಬೇಕಾಗಲಿಲ್ಲ. ಹೊತ್ತು ಮುಳುಗಿದ ಮೇಲೆ ಅವಳು ಬೆಳಕು ಬಿಟ್ಟಳು. ಧಾರೆ, ಅಕ್ಷತೆ, ಉಂಗುರ ಹುಡುಕುವುದು, ಎಲ್ಲ ಅರ್ಧ ಗಂಟೆಯಲ್ಲಿ ಮುಗಿಯಿತು. ಗೋಡೆಯ ಮೇಲೆ ಬರಿಯ ಬೆಳಕು ಉಳಿಯಿತು. ಯಾರೂ ಏಳಲಿಲ್ಲ.

ಶಮೀಮ್ ಕಾದಳು. ನಮಸ್ಕಾರ ಎಂದು ಮೈಕಿನಲ್ಲಿ ಹೇಳಿದಳು. ಆಗಲೂ ಏಳಲಿಲ್ಲ. ಅವಳಿಗೆ ಗೊತ್ತಿರಲಿಲ್ಲ, ಅಪ್ಪನಿಗೆ ಗೊತ್ತಿತ್ತು. ಈ ಕೇರಿಯವರು ಸುಮಾರು ಮೂವತ್ತು ವರ್ಷ ಇದೇ ಗೋಡೆಯ ಮುಂದೆ ಕುಳಿತವರು. ಇಲ್ಲಿ ಮೊದಲು ಸರ್ಕಾರದ ಸಮಾಚಾರ ಚಿತ್ರ ಬರುತ್ತಿತ್ತು. ಮಂತ್ರಿಗಳು ಅಣೆಕಟ್ಟು ನೋಡುತ್ತಿದ್ದರು, ಯಾರೋ ಯಾರಿಗೋ ಹಾರ ಹಾಕುತ್ತಿದ್ದರು, ಆಮೇಲೆ ಒಂದು ಗಳಿಗೆ ಬಿಳಿ ಬೆಳಕು, ಆಮೇಲೆ ಪಿಕ್ಚರ್. ಈಗಲೂ ಹಾರ ಹಾಕಿಯಾಗಿತ್ತು, ಬಿಳಿ ಬೆಳಕೂ ಬಂದಿತ್ತು. ಇನ್ನೂರು ಜನ ಮುಂದಿನದಕ್ಕೆ ಕಾಯುತ್ತಿದ್ದರು. ಬೀಗರೂ, ಏನಿರಬಹುದೆಂದು, ಕುಳಿತರು. ಮುಂದೆ ನೆಲದಲ್ಲಿ ಕುಳಿತಿದ್ದ ತಿಪ್ಪಮ್ಮ ಹಿಂದೆ ತಿರುಗಿದರು.

"ಸಮಾಚಾರ ಆತು. ಪಿಕ್ಚರ್ ಹಾಕ್ರಿ ಸಾಬ್ರೆ."

ಪ್ಯಾರೂಸಾಬರು ಮಗಳ ಮುಖ ನೋಡಿದರು. ಅವಳ ಲ್ಯಾಪ್‌ಟಾಪಿನಲ್ಲಿ ಒಂದು ಹಳೆಯ ಕಪ್ಪು ಬಿಳುಪಿನ ಚಿತ್ರವಿತ್ತು. ಹಾಕಿದಳು. ಅರ್ಧಕ್ಕೆ ಬಂದಾಗ ಯಾರೂ ಹೇಳದಿದ್ದರೂ ಮಂಡಕ್ಕಿ ಅಂಗಡಿಯವನು ಬಾಗಿಲು ತೆಗೆದು ಮಿರ್ಚಿಯ ಬಾಣಲೆ ಇಟ್ಟ, ಜನ ಎದ್ದು ಹೋಗಿ ಪೊಟ್ಟಣ ಹಿಡಿದು ಬಂದರು. ಚಿತ್ರ ಮುಗಿದ ಮೇಲೆ ಪ್ಯಾರೂಸಾಬರು ಹತ್ತಿರ ಬಂದು ಗೋಡೆ ಹೇಗಿತ್ತು ಎಂದು ಕೇಳಿದರು.

"ನಮ್ಮ ಹುಡುಗಿ ಎಡಗಡೆ ಮೂಲೆಗೆ ಎರಡೇ ಸುತ್ತು ಹೊಡೆದಾಳೆ," ಎಂದರು ತಿಪ್ಪಮ್ಮ. ಸೊಸೆ ಪಕ್ಕದಲ್ಲೇ ಇದ್ದಳು.

ಅಮ್ಮನವರು ಬಸವಲಿಂಗಪ್ಪನವರ ಕನಸಿನಲ್ಲಿ ಬಂದು ಜೆಸಿಬಿ ತಡೆದರು ಎಂದು ಭಕ್ತರು ಹೇಳುತ್ತಾರೆ. ಬಸವಲಿಂಗಪ್ಪನವರನ್ನೇ ಕೇಳಿದರೆ, "ನಂಗೆ ಸಕ್ಕರೆ ಕಾಯಿಲೆ, ರಾತ್ರಿ ನಾಕು ಸಲ ಏಳ್ತೀನಿ. ಕನಸು ಬೀಳಾಕೆ ಪುರುಸೊತ್ತೆಲ್ಲಿ?" ಎನ್ನುತ್ತಾರೆ. ಅವರ ಪ್ರಕಾರ ಸೋಮವಾರ ಜೆಸಿಬಿಯವನಿಗೆ ಬೇರೆ ಕಡೆ ಕೆಲಸ ಬಂತು, ಒಂದು ವಾರ ತಳ್ಳಿದ. ಅಷ್ಟರಲ್ಲಿ ಮುಂದಿನ ಭಾನುವಾರ ಕರೆಯದೆಯೇ ಜನ ಚಾಪೆ ಹಿಡಿದು ಬಂದು ಕುಳಿತಿದ್ದರು. ಇವರು ಎದ್ದು ಹೋದ ಮೇಲೆ ಕೆಡವೋಣ ಎಂದು ಅವರು ತೀರ್ಮಾನಿಸಿದರು. ಅದರ ಮುಂದಿನ ವಾರವೂ ಹಾಗೆಯೇ ಆಯಿತು. ಆಮೇಲೆ ಅವರೇ ಒಂದು ಕುರ್ಚಿ ಹಾಕಿಸಿಕೊಂಡರು. ಪರವಾನಗಿಗಾಗಿ ಶಮೀಮ್ ಓಡಾಡಿದ್ದು ಐತಿಹ್ಯಕ್ಕೆ ಸೇರಿದ್ದಲ್ಲ, ಕಡತಕ್ಕೆ ಸೇರಿದ್ದು.

ಇಂದು ಹೋದವರಿಗೆ ಕಾಣುವುದು ಗೋಡೆ, ಬಯಲು, ದಾರಿಯ ಬಾಯಲ್ಲಿ ಚಪ್ಪಲಿಗಳು. ಶಮೀಮ್ ತಿಪ್ಪಮ್ಮನವರ ಮನೆಗೆ ಕಪ್ಪು ಬಣ್ಣದ ಡಬ್ಬ ತಂದು ಕೊಟ್ಟಿದ್ದಾಳೆ, ಆದರೆ ಅಂಚು ಕೆಂಪಾಗಿಯೇ ಇದೆ. ಜನಕ್ಕೆ ಅಭ್ಯಾಸವಾಗಿದೆ ಎನ್ನುತ್ತಾರೆ. ಹಗಲು ಹೊತ್ತಿನಲ್ಲಿ ಕೆಲವರು ಬಂದು ಕೈ ಮುಗಿದು ಹೋಗುತ್ತಾರೆ. ಭಾನುವಾರ ಸಂಜೆ ಏಳಕ್ಕೆ ಆಟ. ಕಳೆದ ಭಾನುವಾರ ಕೂರಲು ಜಾಗ ಸಿಗದೆ ನೂರಿಪ್ಪತ್ತು ಜನ ವಾಪಸು ಹೋದರು.